ಮರಿಕುದುರೆಯ ನಂಬಿಕೆಗೆ ಯಾವ ದಾರಿ? ಹುಟ್ಟಿದ ಗಳಿಗೆಯಿಂದ ಹಾಲು ಬಿಡಿಸುವವರೆಗೆ

ಆರೋಗ್ಯವಾಗಿ ಹುಟ್ಟಿದ ಮರಿಕುದುರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಎರಡು ಗಂಟೆಯೊಳಗೆ ತಾಯಿಯ ಕೆಚ್ಚಲು ಹುಡುಕಿಕೊಂಡು ಹಾಲು ಕುಡಿಯುತ್ತದೆ. ದಿನ ಕಳೆಯುವಷ್ಟರಲ್ಲಿ ತಾಯಿಯ ಪಕ್ಕಕ್ಕೆ ಓಡುವಷ್ಟು ಗಟ್ಟಿಯಾಗಿರುತ್ತದೆ. ನಾಯಿಮರಿಯ ಹಾಗೆ ಕಣ್ಣು ಮುಚ್ಚಿಕೊಂಡು ಹುಟ್ಟುವ ಜೀವ ಇದಲ್ಲ. ಕಣ್ಣು, ಕಿವಿ, ಕಾಲು, ಜೊತೆಗೆ ಹೆದರಿಕೆ, ಎಲ್ಲವನ್ನೂ ಸಿದ್ಧ ಮಾಡಿಕೊಂಡೇ ಬರುತ್ತದೆ. ಅದರ ಎದುರು ನಾವು ಮೊದಲ ಸಲ ಹೇಗೆ ನಿಲ್ಲುತ್ತೇವೆ, ಎಷ್ಟು ಹೊತ್ತಿಗೆ ಕೈ ಚಾಚುತ್ತೇವೆ ಎಂಬುದನ್ನು ಅದು ಗಮನಿಸುತ್ತಲೇ ಇರುತ್ತದೆ.

ಈ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹುಟ್ಟಿದ ಕೂಡಲೇ ಮೈಯೆಲ್ಲ ತಡವಿ ಎನ್ನುವವರಿದ್ದಾರೆ. ಹಾಲು ಬಿಡುವವರೆಗೆ ಹತ್ತಿರ ಸುಳಿಯಲೇಬೇಡಿ ಎನ್ನುವವರೂ ಇದ್ದಾರೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನೋಡುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ. ನಿಮ್ಮ ಕೈಕೆಳಗೆ ಸುಮ್ಮನೆ ನಿಂತ ಮರಿ ಮೂರು ಕಾರಣಕ್ಕೆ ನಿಂತಿರಬಹುದು. ನಂಬಿಕೆಯಿಂದ ನಿಂತಿರಬಹುದು. ಒದ್ದಾಡಿ ಪ್ರಯೋಜನವಿಲ್ಲವೆಂದು ಸೋತು ನಿಂತಿರಬಹುದು. ಇಲ್ಲವೇ ಸದರದಿಂದ, ನಿಮ್ಮನ್ನೂ ತನ್ನ ಓರಗೆಯ ಇನ್ನೊಂದು ಮರಿ ಎಂದುಕೊಂಡು ನಿಂತಿರಬಹುದು. ದೂರದಿಂದ ನೋಡಿದರೆ ಮೂರೂ ಒಂದೇ. ಮರಿ ದೊಡ್ಡದಾದಾಗ ಮೂರರ ಫಲ ಮೂರು ಬಗೆ. ಬೇರೆ ಮಾಡಿ ನೋಡಲು ನಾನು ಬಳಸುವ ಅಳತೆ ಒಂದೇ: ಮರಿಗೆ ಅಲ್ಲಿಂದ ಎದ್ದು ಹೋಗುವ ದಾರಿ ಇತ್ತೇ? ಇದ್ದೂ ನಿಂತಿತೇ? ಕೆಳಗಿನ ಆಯ್ಕೆಗಳನ್ನೆಲ್ಲ ಇದೇ ಅಳತೆಯಲ್ಲಿ ತೂಗಿದ್ದೇನೆ.

ಮೊದಲ ಗಂಟೆ: ಮೈದಡವುವುದೋ, ದೂರ ನಿಲ್ಲುವುದೋ?

ಹುಟ್ಟಿದ ಕೂಡಲೇ ಮರಿಯನ್ನು ಮಲಗಿಸಿ ಹಿಡಿದು ಕಿವಿ, ಬಾಯಿ, ಹೊಟ್ಟೆ, ಗೊರಸು ಎಲ್ಲವನ್ನೂ ಮತ್ತೆ ಮತ್ತೆ ಮುಟ್ಟಿ, ಅದು ಒದ್ದಾಟ ಬಿಡುವವರೆಗೆ ಮುಂದುವರಿಸುವ ವಿಧಾನವೊಂದಿದೆ. ಅದಕ್ಕೆ ಇಂಪ್ರಿಂಟ್ ತರಬೇತಿ ಎನ್ನುತ್ತಾರೆ. ಅಮೆರಿಕದ ಪಶುವೈದ್ಯ ರಾಬರ್ಟ್ ಮಿಲ್ಲರ್ ಇದನ್ನು ಜನಪ್ರಿಯಗೊಳಿಸಿದರು. ಹೆಸರು ಬಂದದ್ದು ಪ್ರಾಣಿಗಳ ವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ ಬಾತುಮರಿಗಳಲ್ಲಿ ವಿವರಿಸಿದ ಗುಣದಿಂದ: ಮೊಟ್ಟೆಯೊಡೆದು ಬಂದ ಮರಿ ಮೊದಲು ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ಹಿಂಬಾಲಿಸುತ್ತದೆ. ಮೊದಲ ಗಳಿಗೆಯಲ್ಲಿ ಕಲಿತದ್ದು ಜೀವನಪೂರ್ತಿ ಉಳಿಯುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ನಮ್ಮ ಗಾದೆಗೂ ಇದು ಚೆನ್ನಾಗಿ ಹೊಂದುವುದರಿಂದ ಕೇಳಿದ ಕೂಡಲೇ ಸರಿ ಎನಿಸುತ್ತದೆ.

ಆದರೆ ಪರೀಕ್ಷಿಸಿ ನೋಡಿದಾಗ ಅಷ್ಟು ಫಲ ಸಿಕ್ಕಿಲ್ಲ. ಹುಟ್ಟಿದ ದಿನಗಳಲ್ಲಿ ಹೀಗೆ ಮುಟ್ಟಿಸಿಕೊಂಡ ಮರಿಗಳಿಗೂ ಮುಟ್ಟಿಸಿಕೊಳ್ಳದ ಮರಿಗಳಿಗೂ ಕೆಲವು ತಿಂಗಳ ನಂತರ ಹೆಚ್ಚು ವ್ಯತ್ಯಾಸ ಕಾಣದ ಅಧ್ಯಯನಗಳು ಒಂದಕ್ಕಿಂತ ಹೆಚ್ಚಿವೆ. ಫ್ರಾನ್ಸಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಗಂಭೀರವಾದ ಮಾತು ಹೇಳುತ್ತದೆ. ಹುಟ್ಟಿದ ಮೊದಲ ಗಂಟೆಯಲ್ಲಿ ಮನುಷ್ಯರು ಹಿಡಿದು ತಡವಿದ ಮರಿಗಳು ಮುಂದೆ ತಾಯಿಗೆ ಅತಿಯಾಗಿ ಅಂಟಿಕೊಂಡವು, ಕಡಿಮೆ ಆಡಿದವು, ಬೇರೆ ಮರಿಗಳೊಡನೆ ಬೆರೆಯುವುದರಲ್ಲಿಯೂ ಹಿಂದೆ ಬಿದ್ದವು. ತಾಯಿಯೂ ಮರಿಯೂ ಒಬ್ಬರನ್ನೊಬ್ಬರು ಮೂಸಿ ಗುರುತು ಹಚ್ಚಿಕೊಳ್ಳುವ ಹೊತ್ತಿನಲ್ಲಿ ನಡುವೆ ಮೂರನೆಯವರು ನುಗ್ಗಿದ್ದರ ಫಲ ಅದು.

ಇನ್ನೊಂದು ಕಾರಣವೂ ಇದೆ. ಅದನ್ನು ತಿಳಿದ ಮೇಲೆ ನನಗೆ ಈ ವಿಧಾನದ ಮೇಲಿದ್ದ ಆಸೆ ಪೂರ್ತಿ ಹೋಯಿತು. ಎಳೆಯ ಮರಿಯ ಎದೆಯನ್ನು ಸುತ್ತಲೂ ಬಿಗಿಯಾಗಿ ಅಮುಕಿದರೆ ಅದು ತಟ್ಟನೆ ಸಡಿಲಗೊಂಡು ನಿದ್ದೆಗೆ ಜಾರಿದಂತಾಗುತ್ತದೆ. ಹೆರಿಗೆಯ ದಾರಿಯಲ್ಲಿ ಮರಿಯ ಮೈಮೇಲೆ ಬೀಳುವ ಒತ್ತಡಕ್ಕೆ ಹೋಲುವ ಒತ್ತಡ ಇದು. ಹುಟ್ಟಿದ ಮೇಲೆ ಮಂಕಾಗಿ, ತಾಯಿಯನ್ನೇ ಗುರುತಿಸದ ಮರಿಗಳಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ಹಗ್ಗ ಸುತ್ತಿ ಸುಮಾರು 20 ನಿಮಿಷ ಹೀಗೆ ಅಮುಕುವ ಚಿಕಿತ್ಸೆ ರೂಪಿಸಿದ್ದಾರೆ. ಎಂದಮೇಲೆ ನಮ್ಮ ತೋಳಿನ ಬಿಗಿಯಲ್ಲಿ ಮರಿ ಮೆತ್ತಗಾದದ್ದನ್ನು ಕಂಡು ‘ನಂಬಿತು’ ಎಂದುಕೊಳ್ಳುವುದು ಎಷ್ಟು ಸರಿ? ಅದು ಮೈಯ ಉತ್ತರ ಮಾತ್ರ ಇರಬಹುದು, ಮನಸ್ಸು ಒಪ್ಪಿರಲೇಬೇಕೆಂದಿಲ್ಲ.

ಹಾಗೆಂದು ಕೈಕಟ್ಟಿ ದೂರ ನಿಲ್ಲುವುದೂ ತಪ್ಪು. ಮೊದಲ ದಿನ ಮಾಡಲೇಬೇಕಾದ ಕೆಲಸಗಳಿವೆ. ಹೊಕ್ಕುಳನ್ನು ವೈದ್ಯರು ಹೇಳಿದ ಔಷಧಿಯಲ್ಲಿ ಅದ್ದಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಪೂರ್ತಿ ಬಿತ್ತೇ ನೋಡಬೇಕು. ಗಿಣ್ಣುಹಾಲಿನ ವಿಷಯದಲ್ಲಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ತಾಯಿಯ ಹೊಟ್ಟೆಯಲ್ಲಿರುವಾಗ ಕುದುರೆಮರಿಗೆ ರೋಗನಿರೋಧಕ ಅಂಶ ದಾಟಿ ಬರುವುದಿಲ್ಲ; ಗಿಣ್ಣಿನಿಂದಲೇ ಸಿಗಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಗಂಟೆಗಂಟೆಗೆ ಕಡಿಮೆಯಾಗುತ್ತಾ 24 ಗಂಟೆಯ ಹೊತ್ತಿಗೆ ಮುಚ್ಚಿಹೋಗುತ್ತದೆ. ಮರಿ ಎರಡು–ಮೂರು ಗಂಟೆಯಾದರೂ ಕುಡಿಯದಿದ್ದರೆ ನಂಬಿಕೆ, ಮನಸ್ಸು ಎಂದು ಯೋಚಿಸುತ್ತ ಕೂರಬೇಡಿ, ವೈದ್ಯರನ್ನು ಕರೆಯಿರಿ. ಜೀವ ಉಳಿಸಲು ಹಿಡಿದ ಮರಿಯನ್ನು ಮುಂದೆ ನಿಧಾನವಾಗಿ ಒಲಿಸಿಕೊಳ್ಳಬಹುದು. ಕುಡಿಯಲು ಸರಿಯಾಗಿ ಹುಡುಕುತ್ತಿರುವ ಮರಿಯ ಮೂತಿಯನ್ನು ಮಾತ್ರ ಅವಸರಕ್ಕೆ ಬಿದ್ದು ಕೆಚ್ಚಲಿಗೆ ಒತ್ತಬೇಡಿ. ಅದು ನಾಲ್ಕು ಸಲ ತಾಯಿಯ ಮುಂಗಾಲಿನ ಸಂದಿಯಲ್ಲಿ ತಡಕಾಡಿ ಐದನೆಯ ಸಲ ಸರಿಯಾದ ಜಾಗ ಹುಡುಕುತ್ತದೆ. ನೋಡುವವರಿಗೆ ಜೀವ ಬಾಯಿಗೆ ಬರುತ್ತದೆ, ಆದರೂ ತಾಳಬೇಕು.

ಹಾಗಾದರೆ ನಡುದಾರಿ? ಇದೆ. ತಾಯಿಯ ಮೂಲಕ ಹೋಗುವುದು.

2005ರಲ್ಲಿ ಪ್ರಕಟವಾದ ಇನ್ನೊಂದು ಫ್ರೆಂಚ್ ಅಧ್ಯಯನದಲ್ಲಿ 41 ಮರಿಗಳಿದ್ದವು. ಅರ್ಧದಷ್ಟು ತಾಯಿಕುದುರೆಗಳಿಗೆ ಮರಿ ಹಾಕಿದ ಮೊದಲ ಐದು ದಿನ ಮೃದುವಾಗಿ ಬ್ರಷ್ ಹಾಕಿ, ಕೈಯಿಂದ ತಿನ್ನಿಸಿದರು. ಒಟ್ಟು ಸಮಯ ಒಂದೂಕಾಲು ಗಂಟೆ. ಮರಿಯನ್ನು ಮುಟ್ಟಲೇ ಇಲ್ಲ. ಎರಡು ವಾರಕ್ಕೆ ಆ ಮರಿಗಳು ತಾವಾಗಿಯೇ ಮನುಷ್ಯರ ಹತ್ತಿರ ಬಂದವು, ಬೆನ್ನ ಮೇಲೆ ಬಟ್ಟೆಯ ಹಾಸು ಹಾಕಿಸಿಕೊಳ್ಳಲು ಬೇಗ ಒಪ್ಪಿದವು. ವರ್ಷ ಕಳೆದರೂ ಆ ಸಲುಗೆ ಉಳಿದಿತ್ತು. ದಿನಕ್ಕೆ ಹದಿನೈದು ನಿಮಿಷ ತಾಯಿಯ ಜೊತೆ ಹಾಯಾಗಿ ನಿಂತರೆ ಇಷ್ಟು ಸಿಗುತ್ತದೆ ಎಂದಮೇಲೆ, ಮೂರು ದಾರಿಗಳಲ್ಲಿ ನನ್ನ ಆಯ್ಕೆ ಇದೇ.

ಒಂದು ಎಚ್ಚರಿಕೆ: ತಾಯಿಯೇ ಮನುಷ್ಯರಿಗೆ ಹೆದರುವವಳಾದರೆ ಇದೇ ದಾರಿ ತಿರುಗಿ ಹೊಡೆಯುತ್ತದೆ. ನೀವು ಕಂಡ ಕೂಡಲೇ ಅವಳು ಕಿವಿ ಹಿಂದಕ್ಕೆ ಮಡಚಿದರೆ ಮರಿ ಅದನ್ನೇ ಕಲಿಯುತ್ತದೆ. ಅಂಥ ತಾಯಿಯ ಜೊತೆಗಿನ ಕೆಲಸ ಶುರುವಾಗಬೇಕಾದದ್ದು ಹೆರಿಗೆಗೆ ತಿಂಗಳುಗಳ ಮೊದಲು. ಕುದುರೆಯ ಗರ್ಭ ಸುಮಾರು ಹನ್ನೊಂದು ತಿಂಗಳು, ಸಮಯ ಬೇಕಾದಷ್ಟಿರುತ್ತದೆ.

ಹಿಡಿದು ಪಳಗಿಸುವುದೋ, ಕೂತು ಕಾಯುವುದೋ?

ಮೊದಲ ವಾರ ದಾಟಿದ ಮೇಲೆ ಬರುವ ಪ್ರಶ್ನೆ ಇದು. ಒಂದು ಪದ್ಧತಿಯಲ್ಲಿ ಒಂದು ಕೈ ಎದೆಗೆ, ಇನ್ನೊಂದು ಕೈ ಹಿಂಭಾಗಕ್ಕೆ ಕೊಟ್ಟು ಮರಿಯನ್ನು ತೋಳಿನ ಚೌಕಟ್ಟಿನಲ್ಲಿ ನಿಲ್ಲಿಸುತ್ತಾರೆ. ಅದು ಒದ್ದಾಟ ನಿಲ್ಲಿಸಿದ ಕ್ಷಣ ಬಿಡುತ್ತಾರೆ. ಇನ್ನೊಂದು ಪದ್ಧತಿಯಲ್ಲಿ ಸುಮ್ಮನೆ ಕಾಯುತ್ತಾರೆ, ಮರಿ ಬಂದು ಮೂಸುವವರೆಗೆ.

ಹಿಡಿಯುವ ದಾರಿ ಬೇಗ ಮುಗಿಯುತ್ತದೆ. ಚಿಕಿತ್ಸೆ ಬೇಕಾದ ಮರಿಗೆ, ಪ್ರಯಾಣ ಮಾಡಿಸಲೇಬೇಕಾದ ಮರಿಗೆ ಅದು ಅನಿವಾರ್ಯವೂ ಹೌದು. ಅದರಲ್ಲಿ ಇಡೀ ಪಾಠ ನಿಂತಿರುವುದು ಬಿಡುವ ಕ್ಷಣದ ಮೇಲೆ. ಒದ್ದಾಡುವಾಗ ಬಿಟ್ಟರೆ ಒದ್ದಾಡಿದರೆ ಬಿಡುಗಡೆ ಎಂದು ಕಲಿಯುತ್ತದೆ, ನಾಳೆ ಇನ್ನೂ ಜೋರಾಗಿ ಒದೆಯುತ್ತದೆ. ಮೆತ್ತಗಾದ ಮೇಲೂ ಹಿಡಿದೇ ಇದ್ದರೆ ಮೆತ್ತಗಾಗಿ ಉಪಯೋಗವಿಲ್ಲ ಎಂದು ಕಲಿಯುತ್ತದೆ. ಕೈಯಲ್ಲಿ ಪಳಗಿದವರಿಗೇ ಕೆಲವೊಮ್ಮೆ ತಪ್ಪುವ ಲೆಕ್ಕ ಇದು. ಹೊಸಬರಾದರೆ ಕಾಯುವ ದಾರಿಯನ್ನೇ ಹಿಡಿಯಿರಿ. ಅದರಲ್ಲಿ ಕೈ ತಪ್ಪಿದರೂ ನಷ್ಟ ಚಿಕ್ಕದು.

ಕಾಯುವುದು ಎಂದರೆ ಏನೂ ಮಾಡದೆ ಇರುವುದು ಎಂದುಕೊಳ್ಳಬೇಡಿ. ಕುದುರೆಗೆ ಕಣ್ಣು ಪಕ್ಕಕ್ಕಿರುವುದರಿಂದ ಮೂತಿಯ ಮುಂದೆಯೇ ಇರುವುದೂ ಬಾಲದ ನೇರ ಹಿಂದಿರುವುದೂ ಕಾಣುವುದಿಲ್ಲ. ನೇರವಾಗಿ ಮುಖಕ್ಕೆ ಕೈ ಚಾಚಿದರೆ ಆ ಕೈ ನಡುದಾರಿಯಲ್ಲಿ ಮಾಯವಾಗುತ್ತದೆ. ಮರಿ ಬೆದರುವುದು ಸಹಜ. ಹೆಗಲಿನ ಕಡೆಯಿಂದ, ಓರೆಯಾಗಿ, ಅದನ್ನೇ ದಿಟ್ಟಿಸದೆ ಬನ್ನಿ. ನಾನು ಲಾಯದ ಬಾಗಿಲ ಬಳಿ ತಾಯಿಗೆ ಬ್ರಷ್ ಹಾಕುತ್ತಾ ಮರಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಮೊದಲ ದಿನ ಅದು ತಾಯಿಯ ಆಚೆ ಬದಿಯಲ್ಲಿ ಅಡಗುತ್ತದೆ. ಮರುದಿನ ಹೊಟ್ಟೆಯ ಕೆಳಗಿನಿಂದ ಇಣುಕುತ್ತದೆ. ಒಂದು ದಿನ ಅಂಗಿಯ ಅಂಚು ಎಳೆದ ಹಾಗಾಗುತ್ತದೆ. ಆಗಲೂ ತಿರುಗುವುದಿಲ್ಲ. ಅದು ಎರಡನೆಯ ಸಲ ಬರಲಿ, ಮೂರನೆಯ ಸಲ ಬರಲಿ. ಮುಟ್ಟಿದ ಕೂಡಲೇ ಈ ಪ್ರಾಣಿ ಹಿಡಿಯುವುದಿಲ್ಲ ಎಂದು ಅದಕ್ಕೆ ಖಾತ್ರಿಯಾಗಲಿ. ನಾನು ಸಾಕಿದ ಒಂದು ಹೆಣ್ಣು ಮರಿ ಇದಕ್ಕೆ ಹನ್ನೊಂದು ದಿನ ತೆಗೆದುಕೊಂಡಿತು. ಏಳನೆಯ ದಿನ ಸಾಕಪ್ಪಾ ಎನಿಸಿ ಕೈ ಹಾಕಿ ಹಿಡಿಯಲು ಹೋದೆ. ಎರಡು ದಿನ ಹಿಂದಕ್ಕೆ ಹೋಯಿತು. ಹನ್ನೊಂದರಲ್ಲಿ ಆ ಎರಡು ದಿನ ನನ್ನ ಅವಸರದ್ದು.

ಮರಿ ಕತ್ತು ಮುಂದೆ ಚಾಚಿ ಬಾಯನ್ನು ಟಪಟಪ ತೆರೆದು ಮುಚ್ಚುತ್ತಿದ್ದರೆ ಅದನ್ನು ಮುದ್ದು ಎಂದು ತಿಳಿಯಬೇಡಿ. ದೊಡ್ಡ ಕುದುರೆಗಳ ಎದುರು ‘ನಾನು ಚಿಕ್ಕವ, ಏನೂ ಮಾಡಬೇಡಿ’ ಎಂದು ಮರಿಗಳು ತೋರುವ ಭಂಗಿ ಅದು. ನಿಮ್ಮೆದುರು ಹಾಗೆ ಮಾಡಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ತಿನಿಸೋ, ಕೆರೆತವೋ?

ತಿನಿಸಿನ ಶಕ್ತಿ ದೊಡ್ಡದು. ಆಹಾರದ ಬಹುಮಾನ ಕೊಟ್ಟು ಕಲಿಸಿದ ಕುದುರೆಗಳು ಬೇಗ ಕಲಿಯುತ್ತವೆ, ತಿಂಗಳುಗಳ ನಂತರವೂ ಕಲಿಸಿದವರನ್ನು ಹುಡುಕಿಕೊಂಡು ಬರುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಒಂದು ವರ್ಷ ದಾಟಿದ ಕುದುರೆಗೆ ನಾನೂ ಇದನ್ನೇ ಬಳಸುತ್ತೇನೆ. ಹಾಲು ಕುಡಿಯುವ ಮರಿಗೆ ಬೇಡ. ಕೈಯಿಂದ ತಿಂದು ಅಭ್ಯಾಸವಾದ ಮರಿ ಕೈ ಖಾಲಿಯಿದ್ದಾಗ ಕಚ್ಚಿ ಕೇಳುತ್ತದೆ. ಕಚ್ಚಿದರೆ ಏನಾಗುತ್ತದೆ ಎಂದು ತಿಳಿಯುವ ವಯಸ್ಸು ಅದಕ್ಕಿಲ್ಲ.

ಕೆರೆತವೇ ಮರಿಯ ಭಾಷೆ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ದಿಬ್ಬ ಇದೆಯಲ್ಲ, ಕುದುರೆಗಳು ಎದುರುಬದುರು ನಿಂತು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಜಾಗವನ್ನು ಕೈಯಿಂದ ಕೆರೆದಾಗ ಮರಿಗಳಿಗೂ ದೊಡ್ಡವಕ್ಕೂ ಹೃದಯ ಬಡಿತ ಇಳಿಯುವುದನ್ನು ಅಳೆದು ತೋರಿಸಿತು. ಬೇರೆ ಜಾಗದಲ್ಲಿ ಕೆರೆದರೆ ಹಾಗಾಗಲಿಲ್ಲ. ಬೆರಳ ತುದಿಯಿಂದ ಸ್ವಲ್ಪ ಒತ್ತಿ ಕೆರೆಯಿರಿ. ಬರಿದೇ ನೇವರಿಸಿದರೆ ನೊಣ ಕೂತಂತೆ ಅನಿಸಿ ಚರ್ಮ ಅಲುಗಿಸುತ್ತದೆ. ತಟ್ಟುವುದಂತೂ ಬೇಡವೇ ಬೇಡ. ಜಾಗ ಸರಿಯಿದ್ದರೆ ಮರಿಯ ಮೇಲ್ದುಟಿ ಉದ್ದವಾಗುತ್ತದೆ, ಕತ್ತು ಓರೆಯಾಗುತ್ತದೆ. ಮೂರು ಎಣಿಸುವಷ್ಟು ಕೆರೆದು ಕೈ ತೆಗೆಯಿರಿ, ಕಾಯಿರಿ. ಅದು ಮತ್ತೆ ಮೈ ಒಡ್ಡಿದರೆ ಮತ್ತೆ ಮೂರು. ಎದ್ದು ಹೋಗುವ ದಾರಿ ಇದ್ದೂ ನಿಂತಿತೇ ಎಂಬ ಪ್ರಶ್ನೆಗೆ ಮರಿ ಬಾಯಿಬಿಟ್ಟು ಉತ್ತರ ಹೇಳಿದ ಹಾಗೆ ಅದು.

ಕೆರೆತದಲ್ಲೂ ಒಂದು ಅಪಾಯವಿದೆ. ಮರಿ ಋಣ ತೀರಿಸಲು ತಿರುಗಿ ನಿಮ್ಮನ್ನು ಹಲ್ಲಿನಿಂದ ಕೆರೆಯಲು ಬರುತ್ತದೆ. ಅದರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ನಿಮ್ಮ ಚರ್ಮಕ್ಕೆ ಮಾತ್ರ ಕೆಟ್ಟದ್ದು. ಹೊಡೆಯಬೇಡಿ, ಮೂತಿಯನ್ನು ಕೈಯಿಂದ ಆಚೆ ಸರಿಸಿ, ಕೆರೆಯುವುದನ್ನು ನಿಲ್ಲಿಸಿ. ಗಂಡು ಮರಿಯಾದರೆ ಇನ್ನೂ ಜಾಗ್ರತೆ. ಅವಕ್ಕೆ ಕಚ್ಚಾಡುವುದು, ಮುಂಗಾಲು ಎತ್ತಿ ಮೇಲೆ ಹಾಕುವುದು ಹುಟ್ಟಾಟ. ಐವತ್ತು ಕಿಲೋ ಇರುವಾಗ ನಿಮ್ಮ ಹೆಗಲ ಮೇಲೆ ಕಾಲಿಟ್ಟರೆ ಎಲ್ಲರೂ ನಗುತ್ತಾರೆ, ಫೋಟೋ ತೆಗೆಯುತ್ತಾರೆ. ದೊಡ್ಡ ತಳಿಯಾದರೆ ಅದೇ ಮರಿ ವರ್ಷ ತುಂಬುವಾಗ 300 ಕಿಲೋ ದಾಟಿರುತ್ತದೆ. ಆಗ ಬಡಿಗೆ ಎತ್ತಿಕೊಂಡರೆ ಅನ್ಯಾಯ ಅದಕ್ಕೆ, ಕಲಿಸಿದವರು ನಾವೇ. ದೊಡ್ಡದಾದ ಮೇಲೆ ಬೇಡವೆನಿಸುವ ಯಾವುದನ್ನೂ ಮರಿಯಲ್ಲಿ ಮೆಚ್ಚಬೇಡಿ. ತಾಯಿಕುದುರೆಯನ್ನೇ ನೋಡಿ: ಮರಿ ಕೆಚ್ಚಲು ಕಚ್ಚಿದರೆ ಒಂದು ಸಲ ಕಿವಿ ಮಡಚುತ್ತಾಳೆ, ಕಾಲು ಎತ್ತಿ ತೋರಿಸುತ್ತಾಳೆ, ಮರುಕ್ಷಣ ಎಲ್ಲ ಮರೆತು ಹಾಲು ಕೊಡುತ್ತಾಳೆ.

ಹಾಲ್ಟರ್ ಈಗಲೇ ಹಾಕುವುದೋ, ಆಮೇಲೋ?

ಹುಟ್ಟಿದ ದಿನಗಳಲ್ಲೇ ಹಾಲ್ಟರ್, ಅಂದರೆ ಹಿಡಿದು ನಡೆಸಲು ತಲೆಗೆ ಹಾಕುವ ಪಟ್ಟಿ, ತೊಡಿಸಿ ಹಾಗೇ ಬಿಟ್ಟುಬಿಡುವುದು ಕೆಲವರ ರೂಢಿ. ‘ಹಿಡಿಯಲು ಸುಲಭ’ ಎನ್ನುತ್ತಾರೆ. ನಾನು ಇದನ್ನು ಬೇಡವೆನ್ನುತ್ತೇನೆ. ಮರಿ ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವಾಗ ಗೊರಸು ಪಟ್ಟಿಯೊಳಗೆ ಸಿಕ್ಕಿಕೊಳ್ಳಬಹುದು, ಬೇಲಿಯ ಗೂಟಕ್ಕೆ ತೊಡಕಬಹುದು. ತಲೆ ಬೆಳೆಯುವ ವೇಗಕ್ಕೆ ಪಟ್ಟಿ ಬಿಗಿಯಾಗಿ ಮೂಗಿನ ಮೂಳೆಯ ಮೇಲೆ ಗುರುತು ಬೀಳುವುದೂ ಉಂಟು. ತೊಡಿಸಿ, ಕೆಲಸ ಮಾಡಿಸಿ, ತೆಗೆಯಿರಿ.

ಹಾಗೆಂದು ತೀರಾ ಮುಂದೂಡಲೂ ಆಗದು. ಒಂದೆರಡು ತಿಂಗಳಿಗೆ ಗೊರಸು ನೋಡಿಸಿ ಕತ್ತರಿಸಬೇಕಾಗುತ್ತದೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಂತುಹುಳುವಿನ ಔಷಧಿ, ಮುಂದೆ ಲಸಿಕೆ. ಅಷ್ಟರೊಳಗೆ ತಲೆ ಮುಟ್ಟಿಸಿಕೊಳ್ಳುವುದೂ ನಾಲ್ಕು ಕಾಲು ಎತ್ತುವುದೂ ಬರಬೇಕು. ಮೂರನೆಯ ವಾರದಿಂದ ದಿನಕ್ಕೆ ಐದು ನಿಮಿಷ ಸಾಕು. ಕಾಲು ಎತ್ತಿಸುವಾಗ ನಿಮಗೆ ಬೇಕಾದಷ್ಟು ಹೊತ್ತು ಹಿಡಿಯಬೇಡಿ. ಎತ್ತಿದ ಕೂಡಲೇ, ಅದು ಎಳೆದುಕೊಳ್ಳುವ ಮೊದಲೇ ಇಳಿಸಿ.

ನಡೆಸುವಾಗ ಮರಿಯ ಕತ್ತನ್ನು ಎಳೆಯಲೇಬಾರದು. ಎಳೆದರೆ ಅದು ಹಿಂದಕ್ಕೆ ಜಗ್ಗಿ ಮುಂಗಾಲು ಎತ್ತಿ ಮಗುಚಿ ಬೀಳುತ್ತದೆ. ನೆತ್ತಿಯ ಹಿಂಭಾಗ ನೆಲಕ್ಕೆ ಬಡಿದರೆ ತಲೆಬುರುಡೆಯ ಬುಡ ಮುರಿದು ಪ್ರಾಣವೇ ಹೋಗಬಹುದು. ಮೃದುವಾದ ಹಗ್ಗವನ್ನು ಹಿಂಭಾಗದ ಸುತ್ತ ಹಾಕಿ, ಹಿಂದಿನಿಂದ ಮುಂದಕ್ಕೆ ನೂಕಿದ ಹಾಗೆ ಸುಳಿವು ಕೊಡಿ. ತಾಯಿಯನ್ನು ಇನ್ನೊಬ್ಬರು ಮುಂದೆ ನಡೆಸುತ್ತಿರಲಿ. ಅರ್ಧ ಹೆಜ್ಜೆ ಇಟ್ಟರೂ ಹಗ್ಗ ಸಡಿಲ ಬಿಡಿ. ಗೂಟಕ್ಕೆ ಕಟ್ಟುವ ಪಾಠ ಇನ್ನೂ ತಿಂಗಳುಗಟ್ಟಲೆ ದೂರ ಇರಲಿ.

ಒಂಟಿಯಾಗಿಯೋ, ಗುಂಪಿನಲ್ಲೋ?

ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ: ಗುಂಪು. ಒಂಟಿ ಲಾಯದಲ್ಲಿ ಬೆಳೆದ ಮರಿ ಮನುಷ್ಯರ ಹತ್ತಿರ ಬೇಗ ಬರುತ್ತದೆ, ನಿಜ. ಅದಕ್ಕೆ ಬೇರೆ ಯಾರಿದ್ದಾರೆ? ಡೆನ್ಮಾರ್ಕಿನಲ್ಲಿ ಗುಂಪಿನಲ್ಲೂ ಒಂಟಿಯಾಗಿಯೂ ಬೆಳೆಸಿದ ಎಳೆಯ ಕುದುರೆಗಳನ್ನು ಹೋಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿಯ ವೇಳೆ ಕಲಿಸುವವರನ್ನು ಹೆಚ್ಚು ಕಚ್ಚಿದ್ದು ಒಂಟಿಯಾಗಿ ಬೆಳೆದವೇ. ಎಷ್ಟು ಜೋರಾಗಿ ಕಚ್ಚಿದರೆ ಆಟ, ಎಷ್ಟಾದರೆ ಜಗಳ ಎಂಬುದನ್ನು ಬೇರೆ ಕುದುರೆಗಳು ಕಲಿಸಿದಷ್ಟು ಚೆನ್ನಾಗಿ ನಾವು ಕಲಿಸಲಾರೆವು.

ಹಾಲು ಬಿಡಿಸುವುದು: ಒಂದೇ ದಿನಕ್ಕೋ, ಹಂತಹಂತವಾಗಿಯೋ?

ಮರಿಯ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಆಘಾತ ಇನ್ನೊಂದಿಲ್ಲ. ಅಲ್ಲಿಯವರೆಗೆ ಗಳಿಸಿದ ನಂಬಿಕೆಯೆಲ್ಲ ಇಲ್ಲಿ ಕೈಬಿಟ್ಟು ಹೋಗಬಹುದು, ಇಲ್ಲವೇ ಗಟ್ಟಿಯಾಗಬಹುದು. ತಮ್ಮಷ್ಟಕ್ಕೆ ಬಿಟ್ಟರೆ ತಾಯಿಕುದುರೆಗಳು ಸಾಮಾನ್ಯವಾಗಿ ಮರಿಗೆ ಎಂಟು–ಹತ್ತು ತಿಂಗಳು ದಾಟಿದ ಮೇಲೆ, ಮುಂದಿನ ಹೆರಿಗೆ ಸಮೀಪಿಸಿದಾಗ ಹಾಲು ಬಿಡಿಸುತ್ತವೆ. ಸಾಕುವವರು ನಾಲ್ಕರಿಂದ ಆರು ತಿಂಗಳಿಗೇ ಬಿಡಿಸುತ್ತಾರೆ. ತಾಯಿ ತೀರಾ ಸೊರಗಿದ್ದರೆ ಬೇರೆ ಮಾತು. ಇಲ್ಲವಾದರೆ ಆರು ತಿಂಗಳ ಒಳಗೆ ಅವಸರ ಬೇಡ.

ಒಂದೇ ದಿನ ತಾಯಿಯನ್ನು ಒಯ್ದು, ಮರಿಯನ್ನು ಒಂಟಿ ಲಾಯಕ್ಕೆ ಹಾಕಿ ಬಾಗಿಲು ಹಾಕುವುದು ಹಳೆಯ ಪದ್ಧತಿ. ಕೂಗುತ್ತದೆ, ಎರಡು ಮೂರು ದಿನಕ್ಕೆ ಸುಮ್ಮನಾಗುತ್ತದೆ. ಸುಮ್ಮನಾದದ್ದೇ ಯಶಸ್ಸು ಎಂದು ಲೆಕ್ಕ. ಮತ್ತೆ ನಮ್ಮ ಅಳತೆಗೋಲು ಹಿಡಿಯಿರಿ: ಅದು ಸಮಾಧಾನವೋ, ಸೋಲೋ? ಬ್ರಿಟನ್ನಿನಲ್ಲಿ 225 ಎಳೆಯ ಕುದುರೆಗಳನ್ನು ನಾಲ್ಕು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಾಯದಲ್ಲಿ ಕೂಡಿಹಾಕಿ ಹಾಲು ಬಿಡಿಸಿದ ಮರಿಗಳಲ್ಲಿ, ಹುಲ್ಲುಗಾವಲಿನಲ್ಲಿ ಬಿಡಿಸಿದವಕ್ಕಿಂತ, ವಿಚಿತ್ರ ಚಟಗಳು ಹೆಚ್ಚು ಕಂಡವು. ಹಾಲು ಬಿಡಿಸಿದ ಮೇಲೆ ದಾಣಿ ಕೊಟ್ಟವುಗಳಲ್ಲಿ ಮರ ಕಚ್ಚಿ ಗಾಳಿ ಎಳೆಯುವ ಚಟ ಬೆಳೆಯುವ ದರ ನಾಲ್ಕು ಪಟ್ಟಾಗಿತ್ತು. ಈ ಚಟಗಳು ಒಮ್ಮೆ ಹತ್ತಿದರೆ ಬಿಡಿಸುವುದು ಬಲು ಕಷ್ಟ.

ಇದಕ್ಕಿಂತ ಮೇಲು, ಎರಡು ಮರಿಗಳನ್ನು ಜೊತೆಗಿಟ್ಟು ಬಿಡಿಸುವುದು. ಆದರೆ ಅವು ಒಂದಕ್ಕೊಂದು ಎಷ್ಟು ಅಂಟಿಕೊಳ್ಳುತ್ತವೆಂದರೆ ಮುಂದೆ ಅವನ್ನು ಬೇರೆ ಮಾಡುವಾಗ ಇನ್ನೊಮ್ಮೆ ಹಾಲು ಬಿಡಿಸಿದಷ್ಟೇ ಗೋಳು. ಬಲ ಹೆಚ್ಚಿರುವ ಮರಿ ಇನ್ನೊಂದನ್ನು ಮೇವಿನಿಂದ ಓಡಿಸುವುದೂ ಉಂಟು.

ನಾನು ಮೆಚ್ಚಿದ ದಾರಿಗೆ ಜಾಗವೂ ವ್ಯವಧಾನವೂ ಬೇಕು. ತಾಯಂದಿರು ಮರಿಗಳು ಒಂದೇ ಹುಲ್ಲುಗಾವಲಿನಲ್ಲಿ ಮೇಯುತ್ತಿರುವಾಗ, ಕೆಲವು ದಿನಗಳಿಗೊಮ್ಮೆ ಒಬ್ಬೊಬ್ಬ ತಾಯಿಯನ್ನು ಸದ್ದಿಲ್ಲದೆ ದೂರ ಒಯ್ಯುವುದು. ಮರಿಗೆ ನೆಲ ಅದೇ, ಗೆಳೆಯರು ಅವರೇ, ನೀರಿನ ತೊಟ್ಟಿ ಅದೇ. ಗುಂಪಿನಲ್ಲಿ ಶಾಂತ ಸ್ವಭಾವದ, ಮರಿಯಿಲ್ಲದ ಒಂದು ಹಿರಿಯ ಕುದುರೆಯೂ ಇದ್ದರೆ ಇನ್ನೂ ಒಳ್ಳೆಯದು. ಹಿರಿಯರ ಜೊತೆಯಲ್ಲಿ ಹಾಲು ಬಿಟ್ಟ ಮರಿಗಳಲ್ಲಿ ಕಳವಳದ ಲಕ್ಷಣಗಳು ಕಡಿಮೆಯೆಂದು ಅಳೆದು ನೋಡಿದ್ದಾರೆ. ಒಂದೇ ತಾಯಿ, ಒಂದೇ ಮರಿ ಇರುವವರು ಏನು ಮಾಡಬೇಕು? ನಡುವೆ ಗಟ್ಟಿ ಬೇಲಿ ಹಾಕಿ, ಮೂಸಲು ಆಗುವಂತೆ, ಕುಡಿಯಲು ಆಗದಂತೆ ಒಂದು ವಾರ ಇಡಿ. ಆಮೇಲೆ ದೂರ ಮಾಡಿ. ಮರಿಯ ಪಕ್ಕಕ್ಕೆ ಅದಕ್ಕೆ ಮೊದಲೇ ಪರಿಚಯವಿರುವ ಕುದುರೆಯೊಂದು ಇರಲಿ. ತಂತಿ ಬೇಲಿ ಬೇಡ, ಮರಿ ನುಗ್ಗಲು ನೋಡುತ್ತದೆ.

ನಂಬಿಕೆಯ ದೃಷ್ಟಿಯಿಂದ ಈ ದಿನಗಳು ಅಪರೂಪದ ಅವಕಾಶವೂ ಹೌದು. ಫ್ರಾನ್ಸಿನಲ್ಲೇ 2004ರಲ್ಲಿ ಬಂದ ಅಧ್ಯಯನವೊಂದರಲ್ಲಿ ಹಾಲು ಬಿಡಿಸಿದ ಕೂಡಲೇ 12 ದಿನ ನಿತ್ಯ ಮುಟ್ಟಿ, ನಡೆಸಿ, ಕಾಲು ಎತ್ತಿಸಿದ ಮರಿಗಳು, ಅದೇ ಕೆಲಸವನ್ನು ಮೂರು ವಾರ ತಡವಾಗಿ ಶುರು ಮಾಡಿದ ಮರಿಗಳಿಗಿಂತ ಸುಲಭವಾಗಿ ಒಲಿದವು. ಆ ಗುಣ ತಿಂಗಳುಗಳ ಕಾಲ ಉಳಿಯಿತು. ಹುಟ್ಟಿದ ಮೊದಲ ಗಂಟೆಯಲ್ಲಿ ಸಿಗದದ್ದು ಇಲ್ಲಿ ಸಿಗುತ್ತದೆ. ಆದ್ದರಿಂದ ಹಾಲು ಬಿಡಿಸುವ ವಾರ ನಿಮಗೆ ಬಿಡುವಿರುವ ವಾರವಾಗಿರಲಿ. ಆ ವಾರ ಬೀಜ ತೆಗೆಸುವುದು, ಲಸಿಕೆ, ಊರು ಬದಲಿಸುವುದು ಯಾವುದನ್ನೂ ಇಟ್ಟುಕೊಳ್ಳಬೇಡಿ.

ತಾಯಿಯಿಲ್ಲದ ಮರಿ

ಸಾಕುತಾಯಿ ಸಿಕ್ಕರೆ ಎರಡನೆಯ ಮಾತಿಲ್ಲ. ಸಿಗದಿದ್ದಾಗ ಬಾಟಲಿಯೋ ಬಕೆಟ್ಟೋ ಎಂಬ ಪ್ರಶ್ನೆ. ಬಾಟಲಿಯಲ್ಲಿ ಕುಡಿಸುವುದು ಮೊದಲ ದಿನಗಳಿಗೆ ಸುಲಭ. ಮರಿ ನಿಂತಿರಬೇಕು, ಅಥವಾ ಎದೆಯ ಮೇಲೆ ನೆಟ್ಟಗೆ ಕೂತಿರಬೇಕು, ಹಾಲು ಸುರಿಯಬಾರದು, ಇಲ್ಲವಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲ ವಾರ ರಾತ್ರಿ ಹಗಲು ಒಂದೆರಡು ಗಂಟೆಗೊಮ್ಮೆ ಕುಡಿಸಬೇಕು. ಇಷ್ಟು ಸಲ ಕೈಯಿಂದ ಕುಡಿದ ಮರಿ ನಿಮ್ಮನ್ನೇ ತಾಯಿ ಎಂದುಕೊಳ್ಳುತ್ತದೆ. ಹೃದಯ ಕರಗುತ್ತದೆ, ಒಪ್ಪುತ್ತೇನೆ. ಆದರೆ ಸದರ ಹೆಚ್ಚಿ, ಮನುಷ್ಯರನ್ನು ಒದೆಯಲು ಕಚ್ಚಲು ಹಿಂಜರಿಯದ ಕುದುರೆಗಳಲ್ಲಿ ಹೀಗೆ ಒಂಟಿಯಾಗಿ ಬೆಳೆದವು ಬಹಳ. ಅದಕ್ಕೇ ಬಕೆಟ್ಟು ಮೇಲು. ಬೆರಳು ಚೀಪಿಸುತ್ತಾ ಮೂತಿಯನ್ನು ಹಾಲಿಗೆ ಇಳಿಸಿದರೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಕಲಿಯುತ್ತದೆ. ಹಾಲು ಎಲ್ಲಿಂದಲೋ ಬರುತ್ತದೆ, ಮನುಷ್ಯ ಬರುವುದು ಕೆರೆಯಲು ಎಂದಾದರೆ ನಂಟು ಹದದಲ್ಲಿರುತ್ತದೆ. ಜೊತೆಗೆ ಶಾಂತ ಕುದುರೆಯೊಂದು ಬೇಕು. ಅದೂ ಇಲ್ಲದಿದ್ದರೆ ಮೇಕೆಯನ್ನಾದರೂ ಜೊತೆಗೆ ಬಿಡಿ.

ಯಾರೂ ಮುಟ್ಟದೆ ಬೆಳೆದ ಮರಿ ಕೈಗೆ ಬಂದರೆ

ಆರೇಳು ತಿಂಗಳವರೆಗೆ ಮನುಷ್ಯರ ಕೈ ತಾಗದ ಮರಿ ನಿಮ್ಮ ಪಾಲಿಗೆ ಬಂದಿದ್ದರೆ ಕಾಲ ಮಿಂಚಿತೆಂದು ಹೆದರಬೇಡಿ. ಸದರ ಕಲಿತ ಮರಿಗಿಂತ ಇದನ್ನು ಒಲಿಸುವುದು ಎಷ್ಟೋ ಸುಲಭ, ಏಕೆಂದರೆ ಇದಕ್ಕೆ ಮರೆಸಬೇಕಾದ ಪಾಠ ಯಾವುದೂ ಇಲ್ಲ. ಹಗ್ಗ ಎಸೆದು ಹಿಡಿಯುವ ಆಸೆ ಬಿಡಿ. ಚಿಕ್ಕ ಆವರಣ ಬೇಕು, ಆದರೆ ಅದು ಸುತ್ತಿಕೊಂಡು ಹೋಗಲು ಜಾಗವಿರುವಷ್ಟು ದೊಡ್ಡದಿರಲಿ. ಪಳಗಿದ ಹಿರಿಯ ಕುದುರೆಯೊಂದನ್ನು ಒಳಗೆ ಬಿಡಿ. ದಿನಕ್ಕೆರಡು ಸಲ ಒಳಗೆ ಹೋಗಿ ಆ ಹಿರಿಯನ ಬೆನ್ನು ಕೆರೆಯಿರಿ, ಮರಿಯ ಕಡೆ ನೋಡದೆ ಹೊರಗೆ ಬನ್ನಿ. ಅದು ನಿಮ್ಮತ್ತ ಒಂದು ಹೆಜ್ಜೆ ಇಟ್ಟಾಗ ನೀವು ಒಂದು ಹೆಜ್ಜೆ ಹಿಂದೆ ಸರಿಯಿರಿ. ಮುಂದಿನ ಸಲ ಅದು ಎರಡು ಹೆಜ್ಜೆ ಇಟ್ಟರೆ ಆಶ್ಚರ್ಯಪಡಬೇಡಿ. ಮೊದಲ ಸಲ ಮೂತಿ ಚಾಚಿ ಮೂಸಿದಾಗ ಕೈಯ ಹಿಂಬದಿಯನ್ನು ಒಡ್ಡಿ, ಅಂಗೈಯನ್ನಲ್ಲ. ಉಸಿರು ಬಿಸಿಯಾಗಿ ತಾಗುತ್ತದೆ, ಮೀಸೆಯ ಕೂದಲು ಚುಚ್ಚುತ್ತದೆ. ಅಂದಿಗೆ ಅಷ್ಟು ಸಾಕು. ಬಾಗಿಲು ಮುಚ್ಚಿ ಹೊರಗೆ ಬನ್ನಿ.